ದಾಂಪತ್ಯಕ್ಕೆ ‘ತಂತ್ರ’: ಗುಟ್ಟೇನಿಲ್ಲ, ಬೇಕಿರುವುದು ನಿಧಾನ

‘ತಂತ್ರ’ ಎಂಬ ಪದ ಕಿವಿಗೆ ಬಿದ್ದೊಡನೆ ಕನ್ನಡಿಗರಲ್ಲಿ ಅನೇಕರಿಗೆ ನೆನಪಾಗುವುದು ಮಾಟ, ಮಂತ್ರ, ಕುಯ್ದ ನಿಂಬೆಹಣ್ಣು. ಪಾಶ್ಚಾತ್ಯರಿಗಾದರೋ ಅದೇ ಪದದ ಅರ್ಥ, ದಂಪತಿಗಳ ಲೈಂಗಿಕ ಸುಖದ ರಹಸ್ಯ ವಿದ್ಯೆ. ಈ ಎರಡನೆಯ ಅರ್ಥವೀಗ ಕಡಲು ದಾಟಿ ನಮ್ಮ ನಗರಗಳಿಗೂ ಬಂದಿದೆ. ದಾಂಪತ್ಯದ ಅನ್ಯೋನ್ಯತೆ ಹೆಚ್ಚಿಸುವುದಾಗಿ ಹೇಳುವ ಪುಸ್ತಕಗಳು, ಶಿಬಿರಗಳು, ಆನ್‌ಲೈನ್ ತರಗತಿಗಳು ‘ತಂತ್ರ’ದ ಹೆಸರಿನಲ್ಲಿ ನಡೆಯುತ್ತಿವೆ. ಇವುಗಳಲ್ಲಿ ಹುರುಳೆಷ್ಟು? ಪತಿ-ಪತ್ನಿಯರಿಗೆ ನಿಜವಾಗಿ ಉಪಯೋಗವಾಗುವುದು ಯಾವುದು? ಎಚ್ಚರಿಕೆ ಎಲ್ಲಿ ಬೇಕು?

ಗ್ರಂಥಗಳಲ್ಲಿ ಇರುವುದೇನು?

ಸಂಸ್ಕೃತದಲ್ಲಿ ತಂತ್ರವೆಂದರೆ ಮಗ್ಗ, ನೇಯ್ಗೆಯ ಹಾಸು ಎಂಬ ಅರ್ಥಗಳಿವೆ. ಕ್ರಿಸ್ತಶಕದ ಮೊದಲ ಸಹಸ್ರಮಾನದ ಉತ್ತರಾರ್ಧದಲ್ಲಿ ಬೆಳೆದ ಶೈವ, ಶಾಕ್ತ ಹಾಗೂ ಬೌದ್ಧ ತಂತ್ರಗ್ರಂಥಗಳ ಬಹುಭಾಗ ದೀಕ್ಷೆ, ಮಂತ್ರ, ನ್ಯಾಸ, ಯಂತ್ರ ಮತ್ತು ಪೂಜಾವಿಧಿಗೆ ಮೀಸಲು. ಕಾಶ್ಮೀರದ ಅಭಿನವಗುಪ್ತನ ‘ತಂತ್ರಾಲೋಕ’ದಲ್ಲಿ 37 ಆಹ್ನಿಕಗಳಿವೆ. ಮೈಥುನವನ್ನು ಒಳಗೊಂಡ ಕುಲಯಾಗದ ವಿವರಣೆ ಇರುವುದು 29ನೆಯದರಲ್ಲಿ. ಅದೂ ದೀಕ್ಷೆ ಪಡೆದ ಅರ್ಹ ಸಾಧಕರಿಗೆ ಹೇಳಿದ್ದು. ಅದರ ಗುರಿ ಮೋಕ್ಷವೇ ಹೊರತು ದಾಂಪತ್ಯ ಸುಖವಲ್ಲ.

ದಂಪತಿಗಳ ಸುಖವನ್ನು ಚರ್ಚಿಸಿದ್ದು ಕಾಮಶಾಸ್ತ್ರ. ಅದು ಬೇರೆಯೇ ಪರಂಪರೆ. ವಾತ್ಸ್ಯಾಯನನ ‘ಕಾಮಸೂತ್ರ’ ತಂತ್ರಗ್ರಂಥವಲ್ಲ. ಕನ್ನಡದಲ್ಲೂ ಈ ಶಾಸ್ತ್ರಕ್ಕೆ ದೀರ್ಘ ಇತಿಹಾಸವಿದೆ. 11ನೇ ಶತಮಾನದ ಚಂದ್ರರಾಜ ‘ಮದನತಿಲಕ’ವನ್ನೂ, 15ನೇ ಶತಮಾನದ ಕಲ್ಲರಸ ‘ಜನವಶ್ಯ’ವನ್ನೂ ರಚಿಸಿದರು. ಮಲಗುವ ಕೋಣೆಯ ವಿಷಯ ಬರೆಯುವುದು ಕನ್ನಡಕ್ಕೆ ಹೊಸತಲ್ಲ ಎಂಬುದು ಗಮನಾರ್ಹ.

ಹೊಸ ಅವತಾರ

ಹಾಗಾದರೆ ಎರಡೂ ಬೆರೆತದ್ದು ಎಲ್ಲಿ? ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಜಾನ್ ವುಡ್ರಫ್, ಆರ್ಥರ್ ಅವಲಾನ್ ಎಂಬ ಹೆಸರಿನಲ್ಲಿ 1913ರಿಂದ ಪ್ರಕಟಿಸಿದ ಅನುವಾದಗಳು ತಂತ್ರವನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದವು. ಅಷ್ಟರಲ್ಲಾಗಲೇ ಅಮೆರಿಕದಲ್ಲಿ ಪಿಯರ್ ಬರ್ನಾರ್ಡ್ ಎಂಬಾತ ‘ತಾಂತ್ರಿಕ ಸಂಘ’ ಕಟ್ಟಿ ಸುದ್ದಿಯಾಗಿದ್ದ. 1970ರ ದಶಕದಲ್ಲಿ ಓಶೋ ರಜನೀಶರು ‘ವಿಜ್ಞಾನ ಭೈರವ ತಂತ್ರ’ದ ಮೇಲೆ ಉಪನ್ಯಾಸ ಮಾಲಿಕೆ ನೀಡಿದರು. ಅವರ ಶಿಷ್ಯೆ ಮಾರ್ಗೋ ಆನಂದ್ 1989ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿನ ದಂಪತಿ ಶಿಬಿರಗಳಿಗೆ ಮಾದರಿಗಳಲ್ಲೊಂದಾಯಿತು. ವಿದ್ವಾಂಸರು ಇದನ್ನು ‘ನವತಂತ್ರ’ ಎಂದು ಕರೆಯುತ್ತಾರೆ. ಸ್ವಲ್ಪ ಯೋಗ, ಸ್ವಲ್ಪ ಕಾಮಶಾಸ್ತ್ರ, ಸ್ವಲ್ಪ ಪಾಶ್ಚಾತ್ಯ ಮನಶ್ಶಾಸ್ತ್ರ ಸೇರಿದ ಮಿಶ್ರಣವಿದು.

ಅಭ್ಯಾಸ ಹೇಗೆ?

ಪ್ರಾಚೀನವಲ್ಲದ ಮಾತ್ರಕ್ಕೆ ನಿರುಪಯುಕ್ತವೆಂದು ತೀರ್ಮಾನಿಸುವಂತಿಲ್ಲ. ‘ವಿಜ್ಞಾನ ಭೈರವ’ದ 112 ಧಾರಣೆಗಳಲ್ಲಿ ಅನೇಕವು ಉಸಿರು ಮತ್ತು ಇಂದ್ರಿಯಾನುಭವದತ್ತ ಗಮನ ನಿಲ್ಲಿಸುವಂಥವು. ನವತಂತ್ರದ ಅಭ್ಯಾಸಗಳ ತಿರುಳೂ ಇದೇ. ಮನೆಯಲ್ಲಿ, ಖರ್ಚಿಲ್ಲದೆ, ಅರ್ಧ ಗಂಟೆಯಲ್ಲಿ ಮಾಡಬಹುದಾದವುಗಳ ಸಾರಾಂಶ ಹೀಗಿದೆ.

ಸಮಯ: ಇಬ್ಬರಿಗೂ ಒಪ್ಪಿಗೆಯಾದ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ಮೊಬೈಲ್ ಹೊರಗಿಡುವುದು, ಬಾಗಿಲ ಚಿಲಕ ಹಾಕುವುದು. ಹಿರಿಯರು, ಮಕ್ಕಳು ಇರುವ ಎರಡು ಕೋಣೆಯ ಮನೆಯಲ್ಲಿ ಇದೇ ಅತ್ಯಂತ ಕಷ್ಟದ ಹಂತ!

ಉಸಿರು: ಎದುರುಬದುರಾಗಿಯೋ, ಬೆನ್ನಿಗೆ ಬೆನ್ನು ತಾಗಿಸಿಯೋ ಕುಳಿತು ಐದು ನಿಮಿಷ ನಿಧಾನವಾಗಿ ಉಸಿರಾಡುವುದು. ಸಂಗಾತಿಯ ಉಸಿರಿನ ಲಯ ಗಮನಿಸಿದರೆ ಸಾಕು. ಉಸಿರು ಬಿಗಿಹಿಡಿಯುವ ಅಗತ್ಯವಿಲ್ಲ.

ನೋಟ: ಎರಡು ನಿಮಿಷ ಮಾತಿಲ್ಲದೆ ಒಬ್ಬರ ಕಣ್ಣನ್ನೊಬ್ಬರು ನೋಡುವುದು. ಮೊದಲಿಗೆ ನಗು, ಮುಜುಗರ ಸಹಜ.

ಸ್ಪರ್ಶ: ಸರದಿಯಂತೆ ಹತ್ತು ಹತ್ತು ನಿಮಿಷ ಕೈ, ಬೆನ್ನು, ತಲೆಯನ್ನು ನಿಧಾನವಾಗಿ ನೇವರಿಸುವುದು. ಯಾವುದು ಹಿತ, ಯಾವುದು ಬೇಡ ಎಂಬುದನ್ನು ಸ್ಪರ್ಶ ಪಡೆಯುವವರೇ ಹೇಳಬೇಕು. ಆರಂಭದ ದಿನಗಳಲ್ಲಿ ಸಂಭೋಗಕ್ಕೆ ಮುಂದುವರಿಯುವುದಿಲ್ಲವೆಂದು ಇಬ್ಬರೂ ಮಾತಾಡಿಕೊಂಡಿರಬೇಕು.

ಈ ಕೊನೆಯ ನಿಯಮ ಎಲ್ಲಕ್ಕಿಂತ ಮುಖ್ಯ. ಪ್ರತಿ ಸ್ಪರ್ಶವೂ ಅಲ್ಲಿಗೇ ಕೊನೆಗೊಳ್ಳಬೇಕೆಂಬ ನಿರೀಕ್ಷೆ ಇದ್ದಾಗ, ದಣಿದಿರುವವರು ಮುಟ್ಟಿಸಿಕೊಳ್ಳುವುದನ್ನೇ ತಪ್ಪಿಸತೊಡಗುತ್ತಾರೆ. ಇತ್ತ ಸಂಗಾತಿಗೆ ಅದು ತಿರಸ್ಕಾರವಾಗಿ ಕಾಣುತ್ತದೆ. ನಿರೀಕ್ಷೆ ತೊಲಗಿದರೆ ಇಬ್ಬರ ಭಯವೂ ತಗ್ಗುತ್ತದೆ.

ವಿಜ್ಞಾನದ ಮಾತು

ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರಲ್ಲಿ ಪ್ರಕಟಿಸಿದ ಚಿಕಿತ್ಸಾಕ್ರಮವೂ ಇದೇ ಸೂತ್ರವನ್ನು ಅವಲಂಬಿಸಿದೆ. ಅದರಲ್ಲಿ ದಂಪತಿಗಳಿಗೆ ಮೊದಲು ಸಂಭೋಗ ನಿಷೇಧಿಸಿ, ಸರದಿಯ ಸ್ಪರ್ಶದಿಂದ ಆರಂಭಿಸಲಾಗುತ್ತದೆ. ಲೈಂಗಿಕ ಚಿಕಿತ್ಸಕರು ಇಂದಿಗೂ ಇದನ್ನು ಬಳಸುತ್ತಾರೆ. ನಮ್ಮ ವಾತ್ಸ್ಯಾಯನನೂ ಮದುವೆಯಾದ ಮೊದಲ ಮೂರು ರಾತ್ರಿ ಬ್ರಹ್ಮಚರ್ಯ ಪಾಲಿಸಿ, ಮೃದುವಾಗಿ ವಧುವಿನ ವಿಶ್ವಾಸ ಗಳಿಸಬೇಕೆಂದು ವಿಧಿಸಿದ್ದ.

ನೋಟದ ಬಗ್ಗೆಯೂ ಅಧ್ಯಯನವಾಗಿದೆ. ಅಪರಿಚಿತರಿಬ್ಬರು ಎರಡು ನಿಮಿಷ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಆತ್ಮೀಯ ಭಾವ ಹೆಚ್ಚಿದ್ದನ್ನು 1989ರ ಅಮೆರಿಕದ ಪ್ರಯೋಗವೊಂದು ದಾಖಲಿಸಿತು. ಶಾಂತ ಕೋಣೆಯಲ್ಲಿ ಮಾತು, ಸ್ಪರ್ಶವಿಲ್ಲದೆ ಎದುರು ಕುಳಿತ ಜೋಡಿಗಳ ಉಸಿರು ಮತ್ತು ಹೃದಯಬಡಿತ ಪರಸ್ಪರ ಹೊಂದಿಕೊಳ್ಳುವುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಇವು ಸಣ್ಣ ಪ್ರಯೋಗಗಳು. ಕುಂಡಲಿನಿ ಜಾಗೃತಿಯನ್ನಾಗಲೀ ರೋಗ ನಿವಾರಣೆಯನ್ನಾಗಲೀ ಇವು ಸಾಬೀತುಪಡಿಸುವುದಿಲ್ಲ.

ಎಚ್ಚರಿಕೆ ಎಲ್ಲಿ?

ಮೇಲಿನ ಯಾವ ಅಭ್ಯಾಸಕ್ಕೂ ಮೂರನೆಯವರು ಕೋಣೆಯೊಳಗೆ ಇರಬೇಕಾಗಿಲ್ಲ. ‘ದೀಕ್ಷೆ’ ಅಥವಾ ‘ಶಕ್ತಿಪಾತ’ದ ಹೆಸರಿನಲ್ಲಿ ಗುರುವೆನಿಸಿಕೊಂಡವನು ದೈಹಿಕ ಸಂಪರ್ಕ ಬಯಸಿದರೆ, ಚಿತ್ರೀಕರಣ ಮಾಡಿದರೆ, ಗುಟ್ಟು ಕಾಯಲು ಆಣೆ ಹಾಕಿಸಿದರೆ ಅದು ಸಾಧನೆಯಲ್ಲ, ಶೋಷಣೆ. ಅತಿಮಾನುಷ ಶಕ್ತಿಯ ಹೆಸರಿನಲ್ಲಿ ನಡೆಯುವ ಇಂಥ ಕೃತ್ಯಗಳ ವಿರುದ್ಧ ಕರ್ನಾಟಕದಲ್ಲಿ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಇದೆ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುವುದಾಗಿ ಹೇಳುವ ಔಷಧಗಳ ಜಾಹೀರಾತನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ.

ಎಲ್ಲ ಸಮಸ್ಯೆಗೂ ನಿಧಾನದ ಸ್ಪರ್ಶವೇ ಮದ್ದಲ್ಲ. ನಿಮಿರು ದೌರ್ಬಲ್ಯವು ಮಧುಮೇಹ ಅಥವಾ ಹೃದ್ರೋಗದ ಮುನ್ಸೂಚನೆ ಆಗಿರಬಹುದು. ಸಂಭೋಗದ ವೇಳೆ ನೋವು, ಹೆರಿಗೆಯ ನಂತರದ ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ ಇವಕ್ಕೆಲ್ಲ ವೈದ್ಯರ ಬಳಿ ಚಿಕಿತ್ಸೆಯಿದೆ. ಇನ್ನು ಹೊಡೆತ, ಬೆದರಿಕೆ, ಬಲವಂತ ಇರುವ ಮನೆಯಲ್ಲಿ ಎದುರುಬದುರು ಕುಳಿತು ಉಸಿರಾಡುವ ಸಲಹೆಯೇ ಅಪಾಯಕಾರಿ. ಅಲ್ಲಿ ಮೊದಲು ಬೇಕಿರುವುದು ರಕ್ಷಣೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಉಳಿದ ದಂಪತಿಗಳ ಮಟ್ಟಿಗೆ ‘ತಂತ್ರ’ ಎಂದು ಮಾರಾಟವಾಗುತ್ತಿರುವುದರ ಸಾರ ಇಷ್ಟೇ: ಬೇಡವೆನ್ನುವ ಹಕ್ಕು ಇಬ್ಬರಿಗೂ ಇರಲಿ, ಅವಸರ ಯಾರಿಗೂ ಬೇಡ, ದಿನದ ಅರ್ಧ ಗಂಟೆ ಒಬ್ಬರಿಗೊಬ್ಬರು ಪೂರ್ತಿ ಸಿಗಲಿ. ಇದಕ್ಕೆ ಶಿಬಿರದ ಶುಲ್ಕ ಬೇಕಿಲ್ಲ. ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟು ಬಂದರೆ ಆರಂಭವಾದಂತೆಯೇ.