ಸೊಪ್ಪಿಗೊಂದು ನ್ಯಾಯ, ಹೂವಿಗೊಂದು ನ್ಯಾಯ

ಮಿದುಳಿನ ಕೆಲಸದಲ್ಲಿ ವ್ಯತ್ಯಾಸ ತಂದು ಎಚ್ಚರ, ಉಲ್ಲಾಸ, ಮಂಪರು ಅಥವಾ ಭ್ರಮೆಯನ್ನು ಉಂಟುಮಾಡುವ ವಸ್ತುಗಳನ್ನೆಲ್ಲ ಔಷಧವಿಜ್ಞಾನವು ‘ಮನೋಪ್ರಭಾವಿ ವಸ್ತುಗಳು’ ಎಂಬ ಒಂದೇ ಗುಂಪಿನಲ್ಲಿ ಇರಿಸುತ್ತದೆ. ಕಾಫಿಯ ಕೆಫೀನ್, ಹೊಗೆಸೊಪ್ಪಿನ ನಿಕೋಟಿನ್, ಅಡಿಕೆಯ ಅರೆಕೋಲಿನ್, ಮದ್ಯದ ಎಥನಾಲ್, ಗಾಂಜಾದ ಟಿಎಚ್‌ಸಿ ಇವೆಲ್ಲ ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ಕಾನೂನು ಮಾತ್ರ ಇವುಗಳನ್ನು ಬಹಳ ದೂರದೂರ ಇರಿಸಿದೆ: ಕಾಫಿಪುಡಿಯನ್ನು ಯಾರು ಬೇಕಾದರೂ ಕೊಳ್ಳಬಹುದು, ಬೀಡಿಯ ಕಟ್ಟಿನ ಮೇಲೆ ಎಚ್ಚರಿಕೆಯ ಚಿತ್ರವಿರಬೇಕು, ಮದ್ಯ ಮಾರಲು ಅಬಕಾರಿ ಇಲಾಖೆಯ ಸನ್ನದು ಬೇಕು, ಗಾಂಜಾ ಇಟ್ಟುಕೊಂಡವರು ಜೈಲು ಸೇರಬೇಕಾಗಬಹುದು. ಈ ಮೆಟ್ಟಿಲುಗಳು ಆಯಾ ವಸ್ತುವಿನ ಹಾನಿಗೆ ತಕ್ಕಂತೆ ಕಟ್ಟಿದವೇ ಎಂಬ ಪ್ರಶ್ನೆಯನ್ನು ಈ ಅಧ್ಯಾಯವು ಭಾರತದ, ಅದರಲ್ಲೂ ಕರ್ನಾಟಕದ ಕಾನೂನುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ.

ಗಿಡ ಒಂದು, ಕಾನೂನು ಎರಡು

ಕ್ಯಾನಬಿಸ್ ಎಂಬ ಒಂದೇ ಗಿಡದಿಂದ ಅಮಲಿನ ಮೂರು ಪದಾರ್ಥಗಳು ಬಳಕೆಗೆ ಬಂದಿವೆ. ಎಲೆಗಳನ್ನು ಅರೆದು ಮಾಡುವುದು ಭಂಗಿ, ಹೆಣ್ಣು ಗಿಡದ ಹೂಗೊಂಚಲುಗಳನ್ನು ಒಣಗಿಸಿದ್ದು ಗಾಂಜಾ, ಆ ಗೊಂಚಲುಗಳಲ್ಲಿ ಒಸರುವ ಅಂಟನ್ನು ಬೇರ್ಪಡಿಸಿ ತೆಗೆದದ್ದು ಚರಸ್. 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳಾದ ರಾಫೆಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೋನಿ ಶುದ್ಧರೂಪದಲ್ಲಿ ಗುರುತಿಸಿದ ಟಿಎಚ್‌ಸಿ ಎಂಬ ರಾಸಾಯನಿಕವೇ ಈ ಮೂರರ ಅಮಲಿಗೂ ಕಾರಣವಾಗಿದ್ದು, ಅದು ಎಲೆಯಲ್ಲಿ ಕಡಿಮೆಯೂ ಹೂವಿನಲ್ಲಿ ಹೆಚ್ಚೂ ಅಂಟಿನಲ್ಲಿ ಇನ್ನೂ ಹೆಚ್ಚೂ ಇರುತ್ತದೆ.

ಪತ್ರಿಕೆಗಳು ‘ಎನ್‌ಡಿಪಿಎಸ್ ಕಾಯ್ದೆ’ ಎಂದು ಕರೆಯುವ 1985ರ ಮಾದಕ ದ್ರವ್ಯಗಳು ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆಯು ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿಗಳು ಎಂದು ವಿವರಿಸಿ, ಆ ತುದಿಗಳ ಜೊತೆಗಿಲ್ಲದ ಬೀಜವನ್ನೂ ಎಲೆಯನ್ನೂ ಹೊರಗಿಡುತ್ತದೆ. ಇದೇ ಕಾರಣಕ್ಕೆ ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಪರವಾನಗಿ ಪಡೆದ ಭಂಗಿಯ ಅಂಗಡಿಗಳಿವೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಜಾಮೀನು ಅರ್ಜಿಯೊಂದರ ವಿಚಾರಣೆಯಲ್ಲಿ ಭಂಗಿಯು ಈ ಕಾಯ್ದೆಯ ನಿಷೇಧದ ಪಟ್ಟಿಗೆ ಸೇರದೆಂದು ಹೇಳಿತು. ಆದರೂ ಎಲೆಯ ಮಾರಾಟವನ್ನು ಆಯಾ ರಾಜ್ಯದ ಅಬಕಾರಿ ನಿಯಮಗಳು ಬೇರೆಯಾಗಿ ನಿಯಂತ್ರಿಸಬಹುದು ಎಂಬುದನ್ನು ಮರೆಯುವಂತಿಲ್ಲ. ಹೂವಿನ ವಿಷಯದಲ್ಲಿ ಕಾಯ್ದೆ ತೂಕ ನೋಡಿ ಶಿಕ್ಷೆ ಹೇಳುತ್ತದೆ. 1 ಕಿಲೋದವರೆಗಿನ ಗಾಂಜಾ ‘ಸಣ್ಣ ಪ್ರಮಾಣ’ ಎನಿಸಿ ಒಂದು ವರ್ಷದವರೆಗಿನ ಸೆರೆವಾಸ ಅಥವಾ 10,000 ರೂಪಾಯಿವರೆಗಿನ ದಂಡ ಇಲ್ಲವೇ ಎರಡಕ್ಕೂ ದಾರಿಯಾದರೆ, 20 ಕಿಲೋ ಮೀರಿದ್ದು ‘ವಾಣಿಜ್ಯ ಪ್ರಮಾಣ’ವಾಗಿ ಕನಿಷ್ಠ 10 ವರ್ಷದಿಂದ 20 ವರ್ಷದವರೆಗಿನ ಕಠಿಣ ಸೆರೆವಾಸಕ್ಕೆ ಗುರಿಮಾಡುತ್ತದೆ. ಒಂದೇ ಗಿಡದ ಎಲೆಗೂ ಹೂವಿಗೂ ನಡುವಿನ ಈ ಅಂತರವನ್ನು ಟಿಎಚ್‌ಸಿಯ ಹೆಚ್ಚುಕಡಿಮೆ ಒಂದಿಷ್ಟು ವಿವರಿಸುತ್ತದೆ. ಉಳಿದದ್ದನ್ನು ಚರಿತ್ರೆಯಲ್ಲಿ ಹುಡುಕಬೇಕು.

ತೆರಿಗೆಯಿಂದ ನಿಷೇಧದವರೆಗೆ

ಬ್ರಿಟಿಷರ ಆಳ್ವಿಕೆಯಲ್ಲಿ ಗಾಂಜಾ ಅಬಕಾರಿ ಸರಕಾಗಿತ್ತು. ಅದು ಜನರಿಗೆ ಹುಚ್ಚು ಹಿಡಿಸುತ್ತದೆ, ಅಪರಾಧಕ್ಕೆ ಪ್ರಚೋದಿಸುತ್ತದೆ ಎಂಬ ದೂರು ಲಂಡನ್ನಿನ ಸಂಸತ್ತಿನವರೆಗೆ ಹೋದಾಗ ಸರ್ಕಾರವು 1893ರಲ್ಲಿ ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿತು. ‘ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್’ ಎಂಬ ಹೆಸರಿನ ಈ ಆಯೋಗ ಸಾವಿರಕ್ಕೂ ಹೆಚ್ಚು ಜನರ ಸಾಕ್ಷ್ಯ ಪಡೆದು ಹುಚ್ಚಾಸ್ಪತ್ರೆಗಳ ದಾಖಲೆಗಳನ್ನೂ ತೆರೆದು ನೋಡಿತು. ರೋಗಿಯ ಹಿನ್ನೆಲೆ ಗೊತ್ತಿಲ್ಲದೆಡೆಯಲ್ಲೂ ಕಾರಣದ ಅಂಕಣದಲ್ಲಿ ಗಾಂಜಾ ಎಂದು ಬರೆದುಬಿಡುವ ರೂಢಿ ಇತ್ತೆಂಬುದು ಆಗ ಬಯಲಾಯಿತು. ಮಿತವಾದ ಬಳಕೆಯಿಂದ ಗಮನಾರ್ಹ ಕೇಡಿಲ್ಲ, ಅತಿಯಾದ ಬಳಕೆಯಿಂದ ಕೇಡಿದೆ, ಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ಪರವಾನಗಿಗಳ ಮೂಲಕ ಬಳಕೆಯನ್ನು ಹಿಡಿತದಲ್ಲಿಡುವುದು ಲೇಸು ಎಂಬುದು 1894ರಲ್ಲಿ ಅದು ಮುಟ್ಟಿದ ತೀರ್ಮಾನ.

ದಿಕ್ಕು ಬದಲಾದದ್ದು ಅಂತರರಾಷ್ಟ್ರೀಯ ಒಪ್ಪಂದಗಳಿಂದ. 1925ರ ಜಿನೀವಾ ಒಪ್ಪಂದದಲ್ಲಿ ಈಜಿಪ್ಟಿನ ಒತ್ತಾಯದಿಂದ ಈ ಗಿಡವೂ ಅಫೀಮಿನ ಸಾಲಿಗೆ ಸೇರಿತು. 1961ರ ವಿಶ್ವಸಂಸ್ಥೆಯ ಒಪ್ಪಂದವು ಅದನ್ನು ಹೆರಾಯಿನ್ ಇದ್ದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲೇ ಇರಿಸಿತು. ಎಲೆಯನ್ನು ವ್ಯಾಖ್ಯೆಯಿಂದ ಹೊರಗಿಟ್ಟು, ಸಾಂಪ್ರದಾಯಿಕ ಬಳಕೆಯನ್ನು ನಿಲ್ಲಿಸಲು 25 ವರ್ಷಗಳ ಗಡುವು ಕೊಟ್ಟದ್ದೂ ಇದೇ ಒಪ್ಪಂದ. ಉತ್ತರ ಕರ್ನಾಟಕದ ಕೆಲವು ಅವಧೂತ, ಆರೂಢ ಪರಂಪರೆಗಳಲ್ಲಿ ಸಾಧನೆಯ ಅಂಗವಾಗಿಯೇ ಉಳಿದುಬಂದಿದ್ದ ಚಿಲುಮೆ 1985ರ ಕಾಯ್ದೆಯ ಕಣ್ಣಿನಲ್ಲಿ ಅಪರಾಧವಾದದ್ದು ಹೀಗೆ. ವಿಶ್ವಸಂಸ್ಥೆಯ ಮಾದಕವಸ್ತು ಆಯೋಗವು 2020ರ ಡಿಸೆಂಬರ್‌ನಲ್ಲಿ 27–25 ಮತಗಳಿಂದ ಗಾಂಜಾವನ್ನು ಆ ಅತಿ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತು. ದೇಶದೊಳಗಿನ ಕಾಯ್ದೆ ಮಾತ್ರ ಹಾಗೆಯೇ ಉಳಿಯಿತು.

ಮದ್ಯವನ್ನು ಇಂಥ ಯಾವ ಜಾಗತಿಕ ಒಪ್ಪಂದವೂ ನಿಷೇಧಿಸಿಲ್ಲ. ಭಾರತದ ಸಂವಿಧಾನದ 47ನೇ ವಿಧಿಯು ಮಾದಕ ಪಾನೀಯಗಳನ್ನೂ ಆರೋಗ್ಯಕ್ಕೆ ಹಾನಿಕರವಾದ ಮಾದಕ ದ್ರವ್ಯಗಳನ್ನೂ ಒಂದೇ ವಾಕ್ಯದಲ್ಲಿ ಹೆಸರಿಸಿ, ಔಷಧಕ್ಕಲ್ಲದ ಬಳಕೆಯನ್ನು ನಿಷೇಧಿಸಲು ಪ್ರಯತ್ನಿಸಬೇಕೆಂದು ಹೇಳುತ್ತದೆ. ಆದರೆ ಮದ್ಯ ರಾಜ್ಯಪಟ್ಟಿಯ ವಿಷಯವಾದ್ದರಿಂದ ಗುಜರಾತ್ ಪಾನನಿಷೇಧದ ದಾರಿ ಹಿಡಿದರೆ, ಕರ್ನಾಟಕದ ಬೊಕ್ಕಸಕ್ಕೆ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ವರಮಾನ ಬರುತ್ತಿದೆ. ಖಜಾನೆಯನ್ನು ಇಷ್ಟರಮಟ್ಟಿಗೆ ತುಂಬುವ ಸರಕನ್ನು ನಿಷೇಧದ ಪಟ್ಟಿಗೆ ಸೇರಿಸಲು ಯಾವ ಸರ್ಕಾರವಾದರೂ ಹಿಂದೆಮುಂದೆ ನೋಡುತ್ತದೆ.

ಹಾನಿಯ ಲೆಕ್ಕ

ಹಾನಿಯನ್ನು ಅಳೆಯಲು ಒಂದೇ ಮಾಪಕ ಸಾಲದು. ಮೊದಲನೆಯದು ಒಮ್ಮೆಗೇ ಅತಿಯಾಗಿ ಸೇವಿಸಿದಾಗಿನ ಪ್ರಾಣಾಪಾಯ. ಮದ್ಯ ವಿಪರೀತವಾದರೆ ಉಸಿರಾಟ ನಿಂತು ಸಾವು ಬರಬಹುದು. ಉಸಿರಾಟವನ್ನು ನಡೆಸುವ ಮಿದುಳುಕಾಂಡದಲ್ಲಿ ಟಿಎಚ್‌ಸಿ ಅಂಟಿಕೊಳ್ಳುವ ಗ್ರಾಹಕಗಳು ವಿರಳವಾದ್ದರಿಂದ ಗಾಂಜಾ ಈ ಬಗೆಯಲ್ಲಿ ಕೊಲ್ಲುವುದಿಲ್ಲ. ಎರಡನೆಯದು ದೀರ್ಘಕಾಲದ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ 26 ಲಕ್ಷ ಸಾವುಗಳಿಗೆ ಮದ್ಯ ಕಾರಣವಾಗಿದ್ದು, ತಂಬಾಕಿನಿಂದ ಆಗುವ ಸಾವುಗಳು ಅದಕ್ಕಿಂತಲೂ ಬಹಳ ಹೆಚ್ಚು. ಮೂರನೆಯದು ಅವಲಂಬನೆ, ಅಂದರೆ ಬಿಡಬೇಕೆಂದರೂ ಬಿಡಲಾಗದ ಸ್ಥಿತಿ. 1994ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರ ಪ್ರಕಾರ ಒಮ್ಮೆಯಾದರೂ ಬಳಸಿದವರ ಪೈಕಿ ಈ ಸ್ಥಿತಿಗೆ ತಲುಪಿದವರು ತಂಬಾಕಿನಲ್ಲಿ ನೂರಕ್ಕೆ 32, ಮದ್ಯದಲ್ಲಿ 15, ಗಾಂಜಾದಲ್ಲಿ 9.

ಇದರಿಂದ ಗಾಂಜಾ ನಿರಪಾಯಕಾರಿ ಎಂದು ತೀರ್ಮಾನಿಸಿದರೆ ಅದು ಇನ್ನೊಂದು ತುದಿಯ ತಪ್ಪಾಗುತ್ತದೆ. ಬೆಳೆಯುವ ವಯಸ್ಸಿನ ಮಿದುಳಿಗೆ ಅದು ಹೆಚ್ಚು ಅಪಾಯಕಾರಿ. ಎಳೆಯ ವಯಸ್ಸಿನಿಂದಲೇ ದಿನನಿತ್ಯ, ಅದರಲ್ಲೂ ಟಿಎಚ್‌ಸಿ ಅಧಿಕವಾಗಿರುವ ತಳಿಗಳನ್ನು ಸೇದುವವರಲ್ಲಿ ತೀವ್ರ ಮನೋರೋಗದ ಸಂಭವ ಹೆಚ್ಚುತ್ತದೆ. ಅಮಲಿನಲ್ಲಿ ವಾಹನ ಓಡಿಸುವುದು ಅಪಘಾತಕ್ಕೆ ದಾರಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯ ಬಳಸುವವರು ಸುಮಾರು 16 ಕೋಟಿ, ಭಂಗಿಯೂ ಸೇರಿದಂತೆ ಈ ಗಿಡದ ಪದಾರ್ಥಗಳನ್ನು ಬಳಸುವವರು ಸುಮಾರು 3.1 ಕೋಟಿ, ಚಿಕಿತ್ಸೆ ಅಥವಾ ನೆರವು ಬೇಕಾದವರು ಕ್ರಮವಾಗಿ 5.7 ಕೋಟಿ ಮತ್ತು 72 ಲಕ್ಷ. ಎರಡನೆಯ ಸಂಖ್ಯೆ ಚಿಕ್ಕದಾಗಿರುವುದಕ್ಕೆ ಗಿಡದ ಗುಣ ಎಷ್ಟು ಕಾರಣ, ನಿಷೇಧ ಎಷ್ಟು ಕಾರಣ ಎಂಬುದನ್ನು ಈ ಅಂಕಿಗಳಷ್ಟರಿಂದಲೇ ಬಿಡಿಸಿ ಹೇಳಲಾಗದು. ನಿಷೇಧದ ಪರ ಮತ್ತು ವಿರೋಧದ ವಾದಗಳೆರಡೂ ಇವೇ ಅಂಕಿಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ಸಾಧ್ಯವಾಗುವುದು ಆದ್ದರಿಂದಲೇ.

ಮನೆಯೊಳಗಿನ ಸರಕು

ರೂಢಿಯಿಂದ ಬಂದ ವಸ್ತುವಿನ ಹಾನಿ ಕಣ್ಣಿಗೆ ಬೀಳುವುದು ತಡ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕದಲ್ಲಿ ಎಲೆ‑ಅಡಿಕೆ ಅತಿಥಿ ಸತ್ಕಾರದ, ಮದುವೆಯ ನಿಶ್ಚಯದ, ಪೂಜೆಯ ತಟ್ಟೆಯ ವಸ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು, ತಂಬಾಕು, ಮದ್ಯಗಳೂ ಅದೇ ಗುಂಪಿನಲ್ಲಿವೆ. ಲಕ್ಷಾಂತರ ಕುಟುಂಬಗಳ ಜೀವನಾಧಾರವಾದ ಬೆಳೆಯನ್ನು ಒಂದು ವೈಜ್ಞಾನಿಕ ವರದಿಯ ಆಧಾರದಿಂದ ನಿಷೇಧಿಸಬೇಕೆಂದು ಯಾವ ಶಾಸನಸಭೆಯೂ ಹೊರಡುವುದಿಲ್ಲ. ಹಾನಿಯೊಂದೇ ಕಾನೂನನ್ನು ಬರೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಎಲೆ ಮತ್ತು ಹೂವಿನ ನಡುವೆ ಎಳೆದಂಥ ಗೆರೆಗಳು ಇತರ ವಸ್ತುಗಳಲ್ಲೂ ಇವೆ. ಕರ್ನಾಟಕವು 2007ರ ಜುಲೈಯಲ್ಲಿ ಸಾರಾಯಿಯನ್ನು ನಿಷೇಧಿಸಿತು, ಅದೇ ಎಥನಾಲ್ ಇರುವ ಬಾಟಲಿಯ ಮದ್ಯ ಸನ್ನದಿನ ಅಂಗಡಿಯಲ್ಲಿ ಉಳಿಯಿತು. 2013ರಲ್ಲಿ ಗುಟ್ಕಾ ನಿಷೇಧವಾದಾಗ ಪಾನ್ ಮಸಾಲೆಯೂ ತಂಬಾಕೂ ಎರಡು ಪೊಟ್ಟಣಗಳಾಗಿ ಅದೇ ಗೂಡಂಗಡಿಯಲ್ಲಿ ತೂಗಾಡಿದವು. ಕಾನೂನು ಹಿಡಿಯುವುದು ರಾಸಾಯನಿಕವನ್ನಲ್ಲ, ಅದು ಪೇಟೆಗೆ ಬರುವ ರೂಪವನ್ನು.

ನಡುವಿನ ದಾರಿಗಳು

ಪೂರ್ಣ ನಿಷೇಧ, ಪೂರ್ಣ ಸ್ವಾತಂತ್ರ್ಯ ಎಂಬ ಎರಡೇ ದಾರಿಗಳಿವೆ ಎಂಬ ಭಾವನೆಯನ್ನು ಇತರ ದೇಶಗಳ ಅನುಭವ ಅಲ್ಲಗಳೆಯುತ್ತದೆ. ಉರುಗ್ವೆ 2013ರಲ್ಲಿ ಗಾಂಜಾವನ್ನು ಸರ್ಕಾರದ ಹಿಡಿತದಲ್ಲಿಟ್ಟುಕೊಂಡೇ ಶಾಸನಬದ್ಧಗೊಳಿಸಿತು. ಕೆನಡಾ 2018ರಲ್ಲಿ ಪರವಾನಗಿಯ ಅಂಗಡಿಗಳಿಗೆ ಅವಕಾಶ ಕೊಟ್ಟಿತು. ಜರ್ಮನಿ 2024ರಲ್ಲಿ ವಯಸ್ಕರಿಗೆ ಮನೆಯಲ್ಲಿ ಮೂರು ಗಿಡಗಳನ್ನು ಬೆಳೆಸಲು ಒಪ್ಪಿತಾದರೂ ಅಂಗಡಿಯ ಮಾರಾಟಕ್ಕೆ ಒಪ್ಪಲಿಲ್ಲ. ಭಾರತದ ಕಾಯ್ದೆಯಲ್ಲೂ ಸಂದುಗಳಿವೆ: ನಾರು ಮತ್ತು ಬೀಜಕ್ಕಾಗಿ ಗಿಡ ಬೆಳೆಸಲು ಅನುಮತಿ ನೀಡುವುದಕ್ಕೆ 14ನೇ ಕಲಂ, ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಯನ್ನು ಶಿಕ್ಷೆಯಿಂದ ಪಾರುಮಾಡುವುದಕ್ಕೆ 64‑ಎ ಕಲಂ ಆಸ್ಪದ ಕೊಡುತ್ತವೆ.

ಅಂಗಡಿಯಲ್ಲಿ ಸಿಗುವುದೆಲ್ಲ ಸುರಕ್ಷಿತವೆಂದಾಗಲಿ, ಪೊಲೀಸರು ಹಿಡಿಯುವುದೆಲ್ಲ ಅತಿ ಘೋರವೆಂದಾಗಲಿ, ಗಿಡದಿಂದ ಬಂದದ್ದೆಲ್ಲ ನಿರುಪದ್ರವವೆಂದಾಗಲಿ ಭಾವಿಸಲು ಈ ಚರಿತ್ರೆ ಎಡೆಗೊಡುವುದಿಲ್ಲ. ವಯಸ್ಸಿನ ಮಿತಿ, ಎಚ್ಚರಿಕೆಯ ಚಿತ್ರ, ಸನ್ನದು, ತೆರಿಗೆ, ಚಿಕಿತ್ಸೆ, ಸೆರೆವಾಸ ಇವೆಲ್ಲ ಒಂದೇ ಸರ್ಕಾರದ ಕೈಯಲ್ಲಿರುವ ಬೇರೆ ಬೇರೆ ಉಪಕರಣಗಳು. 1894ರ ಆಯೋಗ ಕೇಳಿದ್ದು ಯಾವ ಹಾನಿಗೆ ಇವುಗಳಲ್ಲಿ ಯಾವುದು ತಕ್ಕದ್ದು ಎಂಬ ಪ್ರಶ್ನೆಯನ್ನು, ಮತ್ತು ಸೊಪ್ಪಿಗೂ ಹೂವಿಗೂ ಬಾಟಲಿಗೂ ಪೊಟ್ಟಣಕ್ಕೂ ಆ ಪ್ರಶ್ನೆಯನ್ನು ಒಂದೇ ತಕ್ಕಡಿಯಲ್ಲಿಟ್ಟು ಕೇಳುವ ಕೆಲಸ ಇಂದಿಗೂ ಬಾಕಿ ಇದೆ.