ಯಾವ ಕಾಲೇಜು ಮೊದಲು? ಜಿನನಾಥಪುರದ ಜಗುಲಿಯಲ್ಲಿ ಡಾಕ್ಟರಿಕೆ ಲೆಕ್ಕ

ಜಿನನಾಥಪುರ: ಶ್ರವಣಬೆಳಗೊಳದಲ್ಲಿ ಬಸ್ಸಿಳಿದು ಚಿಕ್ಕಬೆಟ್ಟದ ಹಿಂಬದಿಗೆ ನಡೆದರೆ ಸಿಗುವ ಪುಟ್ಟ ಊರು ಇದು. ಹೊರಗಿನವರು ಇಲ್ಲಿಗೆ ಬರುವುದು ಹೊಯ್ಸಳರ ಕಾಲದ ಶಾಂತಿನಾಥ ಬಸದಿಯ ಗೋಡೆ ಮೇಲಿನ ಕೆತ್ತನೆ ನೋಡಲು. ಊರಿನವರಿಗೆ ಅದು ದಿನಾ ಕಂಡದ್ದೇ. ಅವರ ಮಾತೆಲ್ಲ ತೆಂಗಿನ ರೋಗ, ಕೊಬ್ಬರಿ ಧಾರಣೆ, ಬಾರದ ಮಳೆ. ಆದರೆ ‘ನೀಟ್’ ಫಲಿತಾಂಶ ಹೊರಬಿದ್ದ ಮೇಲೆ ಕೆಲವು ಮನೆಗಳ ಜಗುಲಿಯಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ. ಕೊಬ್ಬರಿ ಬದಿಗೆ ಸರಿದು ಕಾಲೇಜು ಮುಂದೆ ಬರುತ್ತದೆ.

ಹಾಸನವೋ ಮೈಸೂರೋ? ಸರ್ಕಾರಿಯೋ ಖಾಸಗಿಯೋ? ಪಟ್ಟಿಯಲ್ಲಿ ಯಾವುದನ್ನು ಮೊದಲು ಬರೆಯುವುದು? ಒಂದು ಮಗುವಿನ ಐದಾರು ವರ್ಷ, ಒಂದು ಮನೆಯ ಹತ್ತು ವರ್ಷದ ಸಂಪಾದನೆ ಈ ಒಂದು ಪಟ್ಟಿಯ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ.

ಒಂದು ಮನೆ, ನಾಲ್ಕು ಅಭಿಪ್ರಾಯ

ಇಂಥ ಒಂದು ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅಪ್ಪನಿಗೆ ಎರಡು ಎಕರೆ ತೆಂಗು, ಬೆಳಗೊಳದಲ್ಲಿ ಸಣ್ಣದೊಂದು ಅಂಗಡಿ. ಮಗಳು ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವಳು. ಒಂದು ವರ್ಷ ಮನೆಯಲ್ಲೇ ಕೂತು ಎರಡನೇ ಸಲ ನೀಟ್ ಬರೆದಿದ್ದಾಳೆ. ಅಂಕ ಪರವಾಗಿಲ್ಲ, ಆದರೆ ಕಣ್ಣು ಮುಚ್ಚಿಕೊಂಡು ಕಾಲೇಜು ಆರಿಸುವಷ್ಟೂ ಇಲ್ಲ.

‘ಹಾಸನಾನೇ ಮೊದ್ಲು ಹಾಕ್ಸು ಮಗ. ವಾರಕ್ಕೊಂದ್ಸಲ ಊಟ ತಗಂಡೋಗಿ ಕೊಟ್ಟು ಬರಬಹುದು’ ಎಂಬುದು ಅಜ್ಜಿಯ ಮಾತು. ಬೆಂಗಳೂರಿನಲ್ಲಿರುವ ಸೋದರಮಾವನದು ಬೇರೆಯೇ ರಾಗ: ‘ಭಾವ, ಓದಿದ್ರೆ ಬೆಂಗಳೂರಲ್ಲಿ ಓದ್ಬೇಕು. ವಿಕ್ಟೋರಿಯಾ ಆಸ್ಪತ್ರೆ ಕಂಡಿರೋರಿಗೂ ಮಿಕ್ಕೋರಿಗೂ ವ್ಯತ್ಯಾಸ ಇಲ್ವಾ?’ ಅಪ್ಪನದು ಒಂದೇ ಪ್ರಶ್ನೆ: ‘ದುಡ್ಡೆಷ್ಟಾಯ್ತದೆ?’ ಮಗಳು ಮಾತ್ರ ಬಾಯಿ ಬಿಡುವುದಿಲ್ಲ. ಅವಳ ಹೆದರಿಕೆಯೇ ಬೇರೆ. ಎಲ್ಲಿ ತಪ್ಪು ನಂಬರು ಒತ್ತಿ ಕೈಗೆ ಬಂದ ಸೀಟು ಹೋಗುತ್ತದೋ ಎಂದು.

ಅಂದು ಹೀಗಿರಲಿಲ್ಲ

ಅಜ್ಜಿಯ ಕಾಲಕ್ಕೆ ಈ ತಲೆನೋವೇ ಇರಲಿಲ್ಲ. ಆರಿಸಿಕೊಳ್ಳಲು ಕಾಲೇಜುಗಳಾದರೂ ಎಷ್ಟಿದ್ದವು? 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜು, 1955ರ ಬೆಂಗಳೂರು ಮೆಡಿಕಲ್ ಕಾಲೇಜು, 1957ರಲ್ಲಿ ಹುಬ್ಬಳ್ಳಿ, 1961ರಲ್ಲಿ ಬಳ್ಳಾರಿ. ಖಾಸಗಿಯವರ ಪೈಕಿ 1953ರ ಮಣಿಪಾಲ ಮೊದಲಿನದು. ಆಮೇಲೆ ಒಂದೊಂದಾಗಿ ಖಾಸಗಿ ಕಾಲೇಜುಗಳು ಎದ್ದವು, ಜೊತೆಗೆ ಕ್ಯಾಪಿಟೇಶನ್ ಹಾವಳಿಯೂ ಬಂತು. ಗಂಟು ತಂದವನಿಗೆ ಸೀಟು ಎಂಬಂತಾಯಿತು. ಅದನ್ನು ತಡೆಯಲು ಸರ್ಕಾರ 1984ರಲ್ಲಿ ಕಾಯ್ದೆ ಮಾಡಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣ, 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ 1994ರಿಂದ ಸಿಇಟಿ ಜಾರಿಗೆ ಬಂತು.

ಆಗ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಮಲ್ಲೇಶ್ವರಕ್ಕೆ ಹೋಗಬೇಕಿತ್ತು. ರ್‍ಯಾಂಕ್ ಕೂಗಿದಾಗ ಒಳಗೆ ಹೋದರೆ ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಎಂದು ಪರದೆ ಮೇಲೆ ಕಾಣುತ್ತಿತ್ತು. ಉಳಿದದ್ದರಲ್ಲಿ ಒಂದನ್ನು ಆರಿಸಿ ಚೀಟಿ ಹಿಡಿದು ಬಂದರೆ ಕೆಲಸ ಮುಗಿಯಿತು. ಈಗ ಅಲೆದಾಟ ತಪ್ಪಿದೆ ನಿಜ. ಆದರೆ ಏನು ಉಳಿದಿದೆ ಎಂದು ನೋಡಿಕೊಂಡು ಆರಿಸುವ ಸೌಕರ್ಯವೂ ತಪ್ಪಿದೆ! ಮೊದಲೇ ಪಟ್ಟಿ ಬರೆದುಕೊಟ್ಟು ಬಾಗಿಲ ಹೊರಗೆ ಕಾಯಬೇಕು. ಇದಕ್ಕೇ ಆಪ್ಷನ್ ಎಂಟ್ರಿ ಎಂದು ಹೆಸರು.

ಎಡವುವುದು ಇಲ್ಲೇ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು ಮಾಡುವುದು ಸುಲಭದ ಕೆಲಸ. ರ್‍ಯಾಂಕಿನಲ್ಲಿ ಮುಂದಿದ್ದವರ ಪಟ್ಟಿಯನ್ನು ಮೊದಲು ಬಿಚ್ಚುತ್ತದೆ. ಒಂದನೇ ಕಾಲೇಜಿನಲ್ಲಿ ಸೀಟಿದ್ದರೆ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಸಿಕ್ಕಿದ ಕೂಡಲೇ ಅಲ್ಲಿಗೆ ನಿಲ್ಲುತ್ತದೆ, ಕೆಳಗಿನ ಹೆಸರುಗಳ ಕಡೆ ತಿರುಗಿಯೂ ನೋಡುವುದಿಲ್ಲ.

ಆದ್ದರಿಂದ ಸಿಗುವುದು ಕಷ್ಟ ಎನ್ನುವ ಕಾಲೇಜನ್ನು ಮೇಲೆ ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ. ಮೈಸೂರು ಸಿಗದಿದ್ದರೆ ಹಾಸನದ ಸರದಿ ಹೇಗೂ ಬರುತ್ತದೆ. ಆದರೆ ಬಹಳ ಮಂದಿ ಮಾಡುವುದು ಉಲ್ಟಾ! ‘ಸಿಗೋದನ್ನೇ ಮೊದ್ಲು ಹಾಕ್ಬಿಡಿ, ಇಲ್ಲಾಂದ್ರೆ ಅದೂ ಹೋಯ್ತದೆ’ ಎಂದು ಯಾರೋ ಬಸ್ಸಿನಲ್ಲಿ ಹೇಳಿದ್ದನ್ನು ನಂಬಿ, ಬೇಕಾದ ಕಾಲೇಜನ್ನು ಕೆಳಗೆ ದೂಡುತ್ತಾರೆ. ಸಿಗುವುದು ಸಿಕ್ಕೇ ಸಿಗುತ್ತದೆ, ಬೇಕಾದದ್ದು ರ್‍ಯಾಂಕಿಗೆ ಎಟಕುತ್ತಿದ್ದರೂ ಕೈ ತಪ್ಪುತ್ತದೆ. ಬೇಕಾದದ್ದು ಮೇಲೆ, ಸಾಕಾದದ್ದು ಕೆಳಗೆ, ಬೇಡವಾದದ್ದು ಪಟ್ಟಿಯಲ್ಲೇ ಬೇಡ. ನೆನಪಿಡಬೇಕಾದ್ದು ಇಷ್ಟೇ.

ಎರಡನೇ ಎಡವಟ್ಟು ಇನ್ನೂ ದುಬಾರಿ. ಒಂದೇ ಖಾಸಗಿ ಕಾಲೇಜಿನ ಹೆಸರು ಪಟ್ಟಿಯಲ್ಲಿ ಎರಡು ಮೂರು ಕಡೆ ಬರುತ್ತದೆ. ಒಂದು ಸರ್ಕಾರಿ ಕೋಟಾ, ಒಂದು ಖಾಸಗಿ ಕೋಟಾ, ಮತ್ತೊಂದು ಎನ್‌ಆರ್‌ಐ ಮುಂತಾದವರದು. ಹೆಸರು ಒಂದೇ, ಬೆಲೆ ಬೇರೆ. ಸರ್ಕಾರಿ ಕಾಲೇಜಿನ ವರ್ಷದ ಶುಲ್ಕ 1 ಲಕ್ಷದೊಳಗೆ ಮುಗಿಯುತ್ತದೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಕೋಟಾಕ್ಕೆ ಬಂದರೆ ವರ್ಷಕ್ಕೆ 10 ಲಕ್ಷ ದಾಟುತ್ತದೆ. ಎಂಬಿಬಿಎಸ್ ಓದು ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಷಿಪ್. ಗುಣಿಸಿ ನೋಡಿ. ಅರ್ಧ ಕೋಟಿ ಹತ್ತಿರ ಬರುತ್ತದೆ. ಎರಡು ಎಕರೆ ತೆಂಗು ಮಾರಿದರೂ ಸಾಲದು!

ಸೈಬರ್ ಅಂಗಡಿಯಲ್ಲಿ ಸಂಜೆ ಗಡಿಬಿಡಿಯಲ್ಲಿ, ಹಿಂದೆ ನಾಲ್ಕು ಜನ ಕಾಯುತ್ತಿರುವಾಗ, ಶುಲ್ಕದ ಕಾಲಂ ನೋಡದೆ ನಂಬರು ಹಾಕಿಸಿದರೆ ಆಗುವುದೇ ಇದು. ಕಟ್ಟಲಾಗದ ಸೀಟು ಬಂದು ತಲೆ ಮೇಲೆ ಕೂರುತ್ತದೆ.

ಅಂಕ ಬೇರೆ, ರ್‍ಯಾಂಕ್ ಬೇರೆ

‘ಹೋದ್ವರ್ಷ ಇಷ್ಟು ಅಂಕಕ್ಕೆ ಹಾಸನ ಸಿಕ್ಕಿತ್ತು’ ಎಂಬ ಮಾತು ಬಸ್ ಸ್ಟ್ಯಾಂಡಿನಲ್ಲಿ ಧಾರಾಳವಾಗಿ ಸಿಗುತ್ತದೆ. ಅದನ್ನು ನಂಬಿದರೆ ಕೆಟ್ಟಂತೆ. 2024ರಲ್ಲಿ ಪರಿಷ್ಕೃತ ಫಲಿತಾಂಶ ಬಂದ ಮೇಲೂ 720ಕ್ಕೆ 720 ತೆಗೆದವರು 17 ಮಂದಿ ಇದ್ದರು. 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕ 686. ಪ್ರಶ್ನೆಪತ್ರಿಕೆ ಬಿಗಿಯಾದರೆ ಎಲ್ಲರ ಅಂಕವೂ ಇಳಿಯುತ್ತದೆ, ಸಡಿಲವಾದರೆ ಎಲ್ಲರದೂ ಏರುತ್ತದೆ. ಹಾಗಾಗಿ ಹೋಲಿಸಬೇಕಾದ್ದು ಅಂಕವನ್ನಲ್ಲ, ರ್‍ಯಾಂಕನ್ನು. ಅದೂ ತನ್ನದೇ ವರ್ಗದಲ್ಲಿ, ತನ್ನದೇ ಕೋಟಾದಲ್ಲಿ, ಹಿಂದಿನ ವರ್ಷ ಯಾವ ಕಾಲೇಜು ಎಷ್ಟನೇ ರ್‍ಯಾಂಕಿಗೆ ನಿಂತಿತು ಎಂಬುದನ್ನು. ಪ್ರಾಧಿಕಾರವೇ ಆ ಪಟ್ಟಿಯನ್ನು ಪ್ರಕಟಿಸುತ್ತದೆ. ಮೊಬೈಲಿನಲ್ಲೇ ನೋಡಬಹುದು, ಯಾರಿಗೂ ದುಡ್ಡು ಕೊಡಬೇಕಿಲ್ಲ.

ಜಿನನಾಥಪುರದಂಥ ಊರಿನ ಮಕ್ಕಳಿಗೆ ಇನ್ನೆರಡು ಆಸರೆ ಉಂಟು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮಾಂತರ ಶಾಲೆಯಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲು. ಆದರೆ ಕಾಗದ ಸರಿಯಾಗಿರಬೇಕು. ಶಾಲೆಯ ಪ್ರಮಾಣಪತ್ರಕ್ಕೆ ಬಿಇಒ ಮೇಲುರುಜು ಬೇಕು. ಜಾತಿ ಆದಾಯ ಪತ್ರದ ಆರ್‌ಡಿ ನಂಬರು ತಾಳೆಯಾಗಬೇಕು. ಹೆಸರಿನಲ್ಲಿ ಒಂದು ಅಕ್ಷರ ಆಚೀಚೆಯಾದರೂ ನಾಡಕಚೇರಿಗೂ ಚನ್ನರಾಯಪಟ್ಟಣಕ್ಕೂ ಓಡಾಟ ತಪ್ಪಿದ್ದಲ್ಲ. ಫಲಿತಾಂಶ ಬಂದ ಮೇಲೆ ಓಡುವುದಕ್ಕಿಂತ ಪರೀಕ್ಷೆ ಬರೆಯುವ ಮುಂಚೆಯೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಇನ್ನೊಂದು ಸಂಗತಿ. ಸರ್ಕಾರಿ ಕಾಲೇಜುಗಳ ಶೇಕಡ 15ರಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅದಕ್ಕೆ ದೆಹಲಿಯ ಸಮಿತಿಗೆ ಬೇರೆಯೇ ಅರ್ಜಿ. ಇಲ್ಲಿ ಹಾಕಿದ್ದು ಅಲ್ಲಿಗೆ ಲೆಕ್ಕಕ್ಕಿಲ್ಲ.

ಕಟ್ಟಡವಲ್ಲ, ಹಾಸಿಗೆ ನೋಡಿ

ಹಾಗಾದರೆ ಯಾವ ಕಾಲೇಜು ಒಳ್ಳೆಯದು? ಬಲ್ಲವರು ಹೇಳುವ ಉತ್ತರ ಸರಳ: ಕಾಲೇಜಿನ ಕಟ್ಟಡ ನೋಡಬೇಡಿ, ಅದರ ಆಸ್ಪತ್ರೆ ನೋಡಿ. ಹಾಸಿಗೆ ಎಷ್ಟು, ಹೊರರೋಗಿಗಳ ಸಾಲು ಎಷ್ಟುದ್ದ, ಹೆರಿಗೆ ಎಷ್ಟಾಗುತ್ತದೆ, ಅಪಘಾತದ ಕೇಸು ಬರುತ್ತದೆಯೇ? ಡಾಕ್ಟರಿಕೆ ಕಲಿಯುವುದು ಪುಸ್ತಕದಿಂದ ಅರ್ಧ, ರೋಗಿಯ ಮಂಚದ ಪಕ್ಕ ನಿಂತು ಇನ್ನರ್ಧ. ಮೈಸೂರಿಗೆ ಕೆ.ಆರ್. ಆಸ್ಪತ್ರೆ ಉಂಟು, ಬೆಂಗಳೂರಿಗೆ ವಿಕ್ಟೋರಿಯಾ ಉಂಟು.

ಹಾಗೆಂದು ನಮ್ಮ ಹಾಸನವೇನೂ ಕಡಿಮೆಯಿಲ್ಲ. 2006ರಲ್ಲಿ ಶುರುವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ‘ಹಿಮ್ಸ್’, ಹಳೆಯ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯನ್ನು ಬೆನ್ನಿಗಿಟ್ಟುಕೊಂಡು ನಿಂತಿದೆ. ಸಕಲೇಶಪುರದ ತೋಟದ ಕೂಲಿಯವರಿಂದ ಅರಕಲಗೂಡಿನ ರೈತರವರೆಗೆ ಜಿಲ್ಲೆಯೆಲ್ಲ ಬಂದು ಬೀಳುವುದು ಅಲ್ಲಿಗೇ. ಕಲಿಯುವವರಿಗೆ ರೋಗಿಗಳ ಬರವಿಲ್ಲ. ಮಂಡ್ಯದ ಸರ್ಕಾರಿ ಕಾಲೇಜೂ ದೂರವಲ್ಲ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ನಡೆಯುತ್ತಿರುವ ಆದಿಚುಂಚನಗಿರಿಯ ಕಾಲೇಜಂತೂ ಬೆಳಗೊಳದ ಮಗ್ಗುಲಲ್ಲೇ ಇದೆ ಎನ್ನಬಹುದು. ಬೆಂಗಳೂರು-ಹಾಸನ ರೈಲು ಮಾರ್ಗ 2017ರಲ್ಲಿ ಪೂರ್ತಿಯಾದ ಮೇಲೆ ಬೆಳಗೊಳದವರಿಗೆ ಬೆಂಗಳೂರೂ ಮೊದಲಿನಷ್ಟು ದೂರವಿಲ್ಲ.

ಹೊಸ ಕಾಲೇಜುಗಳನ್ನು ತೆಗೆದುಹಾಕುವಂತಿಲ್ಲ. ಕೊಡಗು, ಚಾಮರಾಜನಗರ, ಕಾರವಾರ, ಗದಗ, ಕೊಪ್ಪಳ, ಎಲ್ಲವೂ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬಂದ ಸರ್ಕಾರಿ ಕಾಲೇಜುಗಳೇ. ದೂರದ ಸರ್ಕಾರಿ ಸೀಟೋ, ಹತ್ತಿರದ ದುಬಾರಿ ಸೀಟೋ ಎಂಬ ಪ್ರಶ್ನೆ ಬಂದಾಗ ಬಡವರ ಮನೆಗೆ ಉತ್ತರ ಒಂದೇ. ಬಸ್ ಚಾರ್ಜು ಎಷ್ಟಾದರೂ 10 ಲಕ್ಷ ಆಗುವುದಿಲ್ಲ!

ಸೀಟು ಸಿಕ್ಕ ಮೇಲೂ ನಿದ್ದೆ ಬೇಡ

ಮೊದಲು ಅಣಕು ಹಂಚಿಕೆ ಬರುತ್ತದೆ. ಅದು ಸೀಟಲ್ಲ, ಕನ್ನಡಿ. ಪಟ್ಟಿಯ ತಪ್ಪು ಕಂಡರೆ ತಿದ್ದಿಕೊಳ್ಳಲು ಆಗಲೇ ಅವಕಾಶ. ನಿಜವಾದ ಸುತ್ತು ಬಂದ ಮೇಲೆ ನಾಲ್ಕು ದಾರಿ. ಒಪ್ಪಿಗೆಯಾದರೆ ಶುಲ್ಕ ಕಟ್ಟಿ ಕಾಲೇಜಿಗೆ ಹೋಗುವುದು ಒಂದನೆಯದು. ಸಿಕ್ಕಿದ್ದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು ಎರಡನೆಯದು. ಬೇಡವೆಂದು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು. ಎಲ್ಲ ಬಿಟ್ಟು ಹೊರಗೆ ಬರುವುದು ನಾಲ್ಕನೆಯದು. ಎರಡನೆಯದನ್ನು ಹಿಡಿದವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನ ಕಾಲೇಜು ಬಂದರೆ ಹಳೆಯದು ತಾನಾಗಿ ಹೋಗುತ್ತದೆ, ಮತ್ತೆ ಬೇಕೆಂದರೆ ಬಾರದು. ಎರಡಕ್ಕೂ ಮೂರಕ್ಕೂ ಅಂತರ ತಿಳಿಯದೆ ಗುಂಡಿ ಒತ್ತಿದರೆ ಎರಡು ವರ್ಷದ ಓದು ಒಂದು ಬೆರಳಿನಲ್ಲಿ ಹೋದಂತೆ. ಇದಕ್ಕೆಲ್ಲ ಕೊಡುವ ಗಡುವೋ ಬೆರಳೆಣಿಕೆಯ ದಿನ. ಕರೆಂಟು ಹೋದರೂ, ನೆಟ್‌ವರ್ಕ್ ಸಿಗದಿದ್ದರೂ ಗಡುವು ಕಾಯುವುದಿಲ್ಲ.

ತಾಲ್ಲೂಕಿಗೊಬ್ಬ ಹೇಳುವವ ಬೇಡವೇ?

ಪಟ್ಟಣದ ಕೋಚಿಂಗ್ ಸೆಂಟರಿನ ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡುವವರಿದ್ದಾರೆ. ಹಳ್ಳಿಯ ಮಗುವಿಗೆ ಸೈಬರ್ ಅಂಗಡಿಯವನೇ ಗುರು, ಬಸ್ಸಿನ ಪಕ್ಕದ ಸೀಟಿನವನೇ ಮಾರ್ಗದರ್ಶಿ. ರ್‍ಯಾಂಕ್ ತೆಗೆಯುವ ತನಕ ಎಲ್ಲರಿಗೂ ಒಂದೇ ಪರೀಕ್ಷೆ. ಆಪ್ಷನ್ ಹಾಕುವಾಗ ಮಾತ್ರ ತಿಳಿದವನಿಗೊಂದು ನ್ಯಾಯ, ತಿಳಿಯದವನಿಗೊಂದು ನ್ಯಾಯ! ಆ ಒಂದೆರಡು ವಾರ ತಾಲ್ಲೂಕಿನ ಸರ್ಕಾರಿ ಕಾಲೇಜೊಂದರಲ್ಲಿ ಬಲ್ಲ ಉಪನ್ಯಾಸಕರೊಬ್ಬರನ್ನು ಕೂರಿಸಿ, ಬಂದವರ ಪಟ್ಟಿ ನೋಡಿ ತಿದ್ದಿಕೊಡುವ ವ್ಯವಸ್ಥೆ ಮಾಡಿದರೆ ಸರ್ಕಾರದ ಬೊಕ್ಕಸ ಬರಿದಾಗುವುದೇ? ಸಂಬಂಧಪಟ್ಟವರು ಯೋಚಿಸಬೇಕು.

ಇತ್ತ ಜಗುಲಿಯ ಮೇಲೆ ಕೊನೆಗೆ ಪಟ್ಟಿ ಬರೆದದ್ದು ಮಗಳೇ. ಬೆಂಗಳೂರು, ಮೈಸೂರು, ಹಾಸನ, ಮಂಡ್ಯ, ಆಮೇಲೆ ಉಳಿದ ಸರ್ಕಾರಿ ಕಾಲೇಜುಗಳು. ಖಾಸಗಿಯಲ್ಲಿ ಸರ್ಕಾರಿ ಕೋಟಾ ಮಾತ್ರ, ಅದೂ ಕೊನೆಗೆ. ಮಾವನಿಗೂ ಸಮಾಧಾನ, ಅಪ್ಪನ ಅಂಗಡಿಗೂ ಕುತ್ತಿಲ್ಲ. ಹಾಸನ ಮೂರನೆಯದಾಯಿತಲ್ಲ ಎಂದು ಅಜ್ಜಿ ಮುಖ ಊದಿಸಿಕೊಂಡಳು.

‘ಅಜ್ಜಿ, ಮೇಲಿನ ಎರಡು ಸಿಗದಿದ್ರೆ ಅದೇ ಬರದು ಕಣಜ್ಜಿ’ ಎಂದಳು ಹುಡುಗಿ.

‘ಎಲ್ಲಾದ್ರೂ ಓದು ತಾಯಿ. ಓದಿದ್ಮೇಲೆ ನಮ್ ಕಡೆ ಆಸ್ಪತ್ರೆಗೆ ಬಂದು ಕೂತ್ಕೊ, ಅಷ್ಟೇ’ ಎಂದು ಅಜ್ಜಿ ಎಲೆಯಡಿಕೆ ಸಂಚಿ ಬಿಚ್ಚಿದಳು.

ಆ ಕಾಲಂ ಮಾತ್ರ ಪ್ರಾಧಿಕಾರದ ಪಟ್ಟಿಯಲ್ಲಿ ಇನ್ನೂ ಇಲ್ಲ.