ಎಲೆಯ ಹಸಿರೂ ಅದರ ಕೆಂಪು ಪ್ರಭೆಯೂ

ತಾವರೆಕೆರೆಯ ಸುತ್ತಣ ಹೊಲಗಳ ಹಸಿರನ್ನು ಕಾಣದ ವಿದ್ಯಾರ್ಥಿನಿಯಿರಲಾರಳು. ಆದರೆ ಆ ಹಸಿರಿನಲ್ಲಿ ಲೋಹವೊಂದು ಅಡಗಿದೆಯೆಂದೂ, ತಕ್ಕ ಸಂದರ್ಭದಲ್ಲಿ ಅದು ಕೆಂಪು ಬೆಳಕನ್ನು ಸೂಸುವುದೆಂದೂ ತಿಳಿದವರು ವಿರಳ. ಈ ಸಂಗತಿಯನ್ನು ಇಲ್ಲಿ ಸಂಗ್ರಹವಾಗಿ ವಿವರಿಸುವೆವು.

ಲೋಹದ ಪರಮಾಣುವೊಂದು ನಡುವೆ ನಿಂತು, ಸುತ್ತಲಿನ ಸಾರಜನಕ, ಆಮ್ಲಜನಕ ಮೊದಲಾದ ಪರಮಾಣುಗಳು ತಮ್ಮ ಎಲೆಕ್ಟ್ರಾನು ಜೋಡಿಗಳನ್ನು ಅದಕ್ಕೆ ನೀಡಿ, ನಿಯತವಾದ ಸ್ಥಾನಗಳಲ್ಲಿ ಬಂಧಿತವಾಗಿರುವ ಪದಾರ್ಥಗಳಿಗೆ ಸಮನ್ವಯ ಸಂಯುಕ್ತಗಳೆಂದು ಹೆಸರು. ಇವುಗಳ ರಚನೆಯ ತತ್ತ್ವವನ್ನು 1893ರಲ್ಲಿ ಪ್ರತಿಪಾದಿಸಿದ ಆಲ್ಫ್ರೆಡ್ ವರ್ನರ್ ಎಂಬ ವಿದ್ವಾಂಸರು 1913ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ರೈತರು ಬಲ್ಲ ಮೈಲುತುತ್ತವು ಇಂತಹುದೇ. ತಾಮ್ರದ ಸುತ್ತ ನೀರಿನ ಅಣುಗಳು ಸೇರಿರುವುದರಿಂದ ಅದರ ಹರಳು ನೀಲಿ. ಕಾಯಿಸಿ ನೀರನ್ನು ಕಳೆದರೆ ಬಿಳಿಯ ಪುಡಿ. ಎಲೆಯ ಹಸಿರಾದ ಪತ್ರಹರಿತ್ತೂ ಇದೇ ಕುಲಕ್ಕೆ ಸೇರಿದುದು.

ಪತ್ರಹರಿತ್ತಿನ ಮುಖ್ಯ ಬಗೆಯ ಒಂದು ಅಣುವಿನಲ್ಲಿ 137 ಪರಮಾಣುಗಳಿವೆ. ಅವುಗಳಲ್ಲಿ ಮೆಗ್ನೀಸಿಯಂ ಲೋಹದ್ದು ಒಂದೇ ಒಂದು. ಬಳೆಯಂತಹ ಚೌಕಟ್ಟಿನ ನಡುವೆ ನಾಲ್ಕು ಸಾರಜನಕಗಳು ಅದನ್ನು ಹಿಡಿದಿರುವುವು. ಚೌಕಟ್ಟಿನಿಂದ ಇಂಗಾಲದ ಉದ್ದನೆಯ ಬಾಲವೊಂದು ಹೊರಟಿರುವುದು. ನಮ್ಮ ನೆತ್ತರಿನ ಕೆಂಪು ಪದಾರ್ಥದಲ್ಲಿಯೂ ಇದನ್ನೇ ಹೋಲುವ ಚೌಕಟ್ಟಿದೆ. ಅಲ್ಲಿ ನಡುವಿನ ಲೋಹವು ಕಬ್ಬಿಣ. ಈ ಜಟಿಲವಾದ ಅಣುವನ್ನು ವುಡ್ವರ್ಡ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರೂ ಅವರ ಸಹಾಯಕರೂ 1960ರಲ್ಲಿ ಪ್ರಯೋಗಶಾಲೆಯಲ್ಲಿ ನಿರ್ಮಿಸಿದರು. ಗಿಡವಾದರೋ ಸದ್ದಿಲ್ಲದೆ ದಿನವೂ ನಿರ್ಮಿಸುವುದು. ಪತ್ರಹರಿತ್ತಿನಲ್ಲಿ ಕಬ್ಬಿಣವಿಲ್ಲದಿದ್ದರೂ ಅದರ ತಯಾರಿಕೆಗೆ ಕಬ್ಬಿಣವು ಬೇಕು. ಆದುದರಿಂದಲೇ ಸುಣ್ಣ ಹೆಚ್ಚಾಗಿ ಕಬ್ಬಿಣವು ದೊರಕದ ನೆಲದಲ್ಲಿ ಕಡಲೆಕಾಯಿಯ ಎಳೆಯ ಎಲೆಗಳು ಹಳದಿಯಾಗುವುವು. ಅನ್ನಭೇದಿಯ ತಿಳಿದ್ರಾವಣವನ್ನು ಸಿಂಪಡಿಸಿದರೆ ಮತ್ತೆ ಹಸಿರಾಗುವುವು.

ಹುಣಸೆಹುಳಿ ಹಿಂಡಿ ಬೇಯಿಸಿದ ಸೊಪ್ಪು ಕಂದುಬಣ್ಣಕ್ಕೆ ತಿರುಗುವುದನ್ನು ಎಲ್ಲರೂ ಬಲ್ಲರು. ಹುಳಿಯು ಮೆಗ್ನೀಸಿಯಮ್ಮನ್ನು ಹೊರದೂಡುವುದೇ ಅದಕ್ಕೆ ಕಾರಣ. ಬರಿದಾದ ಆ ಸ್ಥಾನದಲ್ಲಿ ತಾಮ್ರವು ಸೇರಿದರೆ ಕಡುಹಸಿರು ಮರಳುವುದು. ಮೋಸಗಾರ ವರ್ತಕರು ತರಕಾರಿಗೆ ಮೈಲುತುತ್ತವನ್ನು ಬಳಸುವುದು ಇದಕ್ಕಾಗಿಯೇ. ಅದು ವಿಷ, ಅಸಹಜವಾಗಿ ಹೊಳೆಯುವ ಹಸಿರಿಗೆ ಗೃಹಿಣಿಯರು ಮರುಳಾಗಬಾರದು.

ಇನ್ನು ಬೆಳಕಿನ ವಿಷಯ. ಸೊಪ್ಪನ್ನು ಅರೆದು ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಗಾಜಿನ ಲೋಟದಲ್ಲಿಟ್ಟು ಬಿಸಿಲಿಗೆ ಹಿಡಿಯಿರಿ. (ಒಲೆಯ ಬಳಿ ಈ ಕೆಲಸ ಕೂಡದು.) ಬೆಳಕಿಗೆ ಎದುರಾಗಿ ನೋಡಿದರೆ ದ್ರಾವಣವು ಹಸಿರು, ಬೆಳಕು ಬೀಳುವ ಕಡೆಯಿಂದ ನೋಡಿದರೆ ರಕ್ತವರ್ಣ. ಅಣುವು ಬೆಳಕನ್ನು ನುಂಗಿ ಶಕ್ತಿಯುತವಾಗುವುದು. ಎಲೆಯಲ್ಲಿ ಆ ಶಕ್ತಿಯು ನೆರೆಯ ಅಣುಗಳಿಗೆ ಸಾಗಿ ಸಕ್ಕರೆಯ ತಯಾರಿಕೆಗೆ ಒದಗುವುದು. ಸ್ಪಿರಿಟ್ಟಿನಲ್ಲಿ ಆ ದಾರಿಯಿಲ್ಲ. ಆದುದರಿಂದ ಅದರಲ್ಲೊಂದು ಭಾಗವು ಕೆಂಪು ಬೆಳಕಾಗಿ ಹೊರಬೀಳುವುದು. ನಡುವೆ ತಾಮ್ರವಿದ್ದರೆ ಹಸಿರು ಉಳಿದರೂ ಈ ಪ್ರಭೆಯು ಬಹುಮಟ್ಟಿಗೆ ಅಡಗುವುದು. ನಡುವಿನ ಲೋಹವು ಬದಲಾದರೆ ಬೆಳಕಿನ ನಡತೆಯೂ ಬದಲಾಗುವುದೆಂಬುದಕ್ಕೆ ಇದೇ ಸಾಕ್ಷಿ.

ಜೀವಂತವಾದ ಎಲೆಯೂ ತಾನು ಹೀರಿದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಹೀಗೆ ಹಿಂದಿರುಗಿಸುವುದು. ನಮ್ಮ ಕಣ್ಣಿಗೆ ಅದು ಗೋಚರಿಸದು. ಕತ್ತಲಲ್ಲಿಟ್ಟ ಎಲೆಗೆ ಬೆಳಕು ಬಿದ್ದೊಡನೆ ಈ ಪ್ರಭೆಯು ಏರಿ ಬಳಿಕ ಇಳಿಯುವುದನ್ನು 1931ರಲ್ಲಿ ಜರ್ಮನಿಯ ಕೌಟ್ಸ್ಕಿ ಎಂಬವರು ಪ್ರಕಟಿಸಿದರು. ಆಹಾರದ ತಯಾರಿಕೆಯು ಕುಂದಿದಾಗ ಪ್ರಭೆಯೂ ಮಾರ್ಪಡುವುದರಿಂದ, ಎಲೆ ಬಾಡುವ ಮೊದಲೇ ಬೆಳೆಯ ಸಂಕಟವನ್ನು ಉಪಕರಣಗಳಿಂದ ಅರಿಯಬಹುದು. 2011ರಿಂದ ಕೃತಕ ಉಪಗ್ರಹಗಳ ಮೂಲಕ ಭೂಮಂಡಲದ ಈ ಪ್ರಭೆಯ ನಕ್ಷೆಗಳೂ ಸಿದ್ಧವಾಗಿವೆ.

ಸಿರಾ, ಪಾವಗಡ, ಮಧುಗಿರಿಗಳಂತೆ ಮಳೆಯನ್ನೇ ನಂಬಿದ ಸೀಮೆಗಳಿಗೆ ಇದು ಅಲ್ಪವಾದ ವಿಷಯವಲ್ಲ. ಮುಗಿಲನ್ನು ನೋಡಿ ಮಳೆಯನ್ನು ಊಹಿಸುವ ರೈತನಿಗೆ, ಎಲೆಯ ಬೆಳಕನ್ನು ನೋಡಿ ಬೆಳೆಯ ಬಾಯಾರಿಕೆಯನ್ನು ತಿಳಿಸಬಲ್ಲವರು ನಮ್ಮ ವಿದ್ಯಾರ್ಥಿನಿಯರಲ್ಲಿಯೂ ಹುಟ್ಟಿಬರಲೆಂದು ಹಾರೈಸುವೆವು.